ಸೂರ್ಯನ ಮೇಲೆ ಕಣ್ಣಿಟ್ಟ ಚಿಕ್ಕಮ್ಮ

ನಮ್ಮ ಚಿಕ್ಕಮ್ಮ ಸೂರ್ಯನ ಮೇಲೆ ಗೂಢಚಾರಿಕೆ ನಡೆಸುತ್ತಾಳೆ. ಸುಳ್ಳಲ್ಲ! ಅದಕ್ಕೆ ಸಂಬಳವನ್ನೂ ಕೊಡುತ್ತಾರೆ. ಮಳವಳ್ಳಿಯಲ್ಲಿರುವ ಅವಳ ಅಕ್ಕ, ಅಂದರೆ ನನ್ನ ಅಮ್ಮ, ಒಮ್ಮೆ ಕೇಳಿಯೇಬಿಟ್ಟಳು: "ಅದೇನ್ ಕೆಲ್ಸನೇ ನಿಂದು?"

"ಸೂರ್ಯ ಸಿಡಿದಾಗ ನ್ಯೂಟ್ರಾನ್ ಅನ್ನೋ ಕಣ ಒಂಟು ಬತ್ತವೆ ಕಣಕ್ಕ. ಬೋ ಪಾಲು ದಾರೀಲೇ ಸತ್ತೋಯ್ತವೆ. ಉಳಿದವನ್ನ ನಮ್ ಗಾಳಿ ತಡೀತದೆ. ಅದ್ಕೇ ಉಪಗ್ರಹದಾಗೆ ಒಂದ್ ಯಂತ್ರದ್ ಪೆಟ್ಗೆ ಮೇಲಕ್ ಕಳ್ಸಿ, ಅಲ್ಲೇ ಇಡೀಬೇಕು."

"ಸಾಯೋವನ್ನ ಇಡಿಯಕ್ಕೆ ಅಷ್ಟೊಂದ್ ಓದಿದ್ಯಾ?"

ಒಮ್ಮೆ ಆ ಪೆಟ್ಟಿಗೆಯ ಮಾದರಿಯನ್ನು ಮಂಡ್ಯದ ಕಾಲೇಜೊಂದರಲ್ಲಿ ತೋರಿಸಿ, ಅದಕ್ಕೆ ಕಪ್ಪು ಬಟ್ಟೆ ಸುತ್ತಿ ನಮ್ಮೂರಿನ ಬಸ್ಸು ಹತ್ತಿದಳು. ಕಂಡಕ್ಟರು ಬಿಟ್ಟಾನೆಯೇ?

"ಏನಮ್ಮ ಒಳ್ಗೆ?"

"ಬಟ್ಟೆ ತೆಗೀಬ್ಯಾಡಿ, ಬೆಳಕು ಬಿದ್ರೆ ಕೆಡ್ತದೆ."

"ಗೊತ್ತಾಯ್ತು ಬುಡಿ. ಬೆಳಕು ಕಂಡ್ರೆ ಕೂಗ್ತದೆ ಅಂತ ಮುಚ್ಚಿದ್ದೀರಿ. ಕೋಳೀಗೂ ಟಿಕೆಟ್ಟು ತಗೋಬೇಕು!"

ಚಿಕ್ಕಮ್ಮ ಕೋಳಿಗೂ ಟಿಕೆಟ್ಟು ತೆಗೆದಳು. ನ್ಯೂಟ್ರಾನ್ ವಿವರಿಸುವುದಕ್ಕಿಂತ ಅದೇ ಸಲೀಸಂತೆ!

ಆಮೇಲೆ ಉಪಗ್ರಹದವರು ಪೆಟ್ಟಿಗೆಯ ತೂಕ ಇಳಿಸಿ ಎಂದು ಗಂಟುಬಿದ್ದರು. ನಮ್ಮ ಮನೆಗೆ ಬಂದವಳು ಮುದ್ದೆಯ ಮುಂದೆ ಕೂತು, ಯಾವ ಸ್ಕ್ರೂ ಕಿತ್ತರೆ ಎಷ್ಟು ಗ್ರಾಂ ಉಳಿದೀತು ಎಂದು ಗೊಣಗುತ್ತಿದ್ದಳು. ಅಮ್ಮ ಸಾರು ಸುರಿದಳು: "ಪೆಟ್ಗೆ ಇಳಿಯೋಗಂಟ ನೀನೇ ಇಳ್ದೋಗಿದ್ದೀಯ. ತಿನ್ನು!"

ಅಂತೂ ಪೆಟ್ಟಿಗೆ ಮೇಲಕ್ಕೆ ಹೋಯಿತು. ನಾವು ಟಿವಿ ಮುಂದೆ ಚಪ್ಪಾಳೆ ತಟ್ಟಿದೆವು. ಆಮೇಲೆ? ಆಮೇಲೆ ಸೂರ್ಯ ಸುಮ್ಮನಾದ! ಸಣ್ಣಪುಟ್ಟದ್ದು ಬಿಟ್ಟರೆ, ನ್ಯೂಟ್ರಾನ್ ಕಳಿಸುವಂಥ ದೊಡ್ಡ ಸಿಡಿತವೇ ಇಲ್ಲ. ಈ ಬೇಸಿಗೆಯಲ್ಲಿ ಬಂದ ಚಿಕ್ಕಮ್ಮ ಜಗಲಿಯಲ್ಲಿ ಕುಸಿದು ಕೂತಳು.

"ಸೂರ್ಯ ತಣ್ಣಗವ್ನೆ ಕಣಕ್ಕ."

"ತಣ್ಣಗಾ? ರೋಡ್ನಾಗೆ ಟಾರು ಕರಗ್ತಾ ಅದೆ!"

ಚಿಕ್ಕಮ್ಮ ನಗಲಿಲ್ಲ. "ಪೆಟ್ಗೇಗೂ ಆಯಸ್ಸು ಅಂತ ಅದೆ. ಅಷ್ಟ್ರಲ್ಲಿ ಸಿಡೀದಿದ್ರೆ, ನಾನ್ ಮಾಡಿದ್ದೆಲ್ಲ ಸುಮ್ಕೆ ಓಯ್ತದೆ."



ಮರುದಿನ ಬೆಳಿಗ್ಗೆ ಅಂಗಳದಲ್ಲಿ ಅಮ್ಮನ ದನಿ ಕೇಳಿ ಎದ್ದುಬಂದೆ. ಊರಿಗೆ ಊರೇ ಬಿಸಿಲಿಗೆ ಶಾಪ ಹಾಕುತ್ತಿರುವಾಗ, ಅವಳು ಪೂರ್ವಕ್ಕೆ ಕೈ ಮುಗಿದು ನಿಂತಿದ್ದಳು.

"ನಮ್ಮುಡ್ಗಿ ಕಾಯ್ಕೊಂಡ್ ಕುಂತವ್ಳೆ ಕಣಪ್ಪ. ಒಂದೇ ಒಂದ್ಸಲ ಜೋರಾಗ್ ಸಿಡ್ದ್ಬುಡು. ಬಿಸ್ಲು ಎಷ್ಟಾದ್ರೂ ಆಗ್ಲಿ, ನಾವ್ ತಡ್ಕೋತೀವಿ."

ಚಿಕ್ಕಮ್ಮ ಬಾಗಿಲಲ್ಲೇ ನಿಂತು ಕೇಳಿಸಿಕೊಂಡಳು. ಸೂರ್ಯ ಎಷ್ಟು ಸಿಡಿದರೂ ನಮ್ಮ ಅಂಗಳದ ಬಿಸಿಲು ಹೆಚ್ಚುವುದಿಲ್ಲವೆಂದು ಅವಳಿಗೆ ಗೊತ್ತು. ಆದರೂ ಮೆಲ್ಲಗೆ ಹೋಗಿ ಅಕ್ಕನ ಪಕ್ಕ ನಿಂತು, ತಾನೂ ಕೈ ಮುಗಿದಳು.