ಮೇಜಿನ ಮೂಲೆಗೆ ಸ್ಪಂಜು ಕಟ್ಟಿದ ಕೊಲೆಗಾರ

ಮಗು ಹುಟ್ಟಿ ಏಳು ತಿಂಗಳಾಗಿತ್ತು. ಈ ಏಳು ತಿಂಗಳಲ್ಲಿ ಒಂದು ಸಿನಿಮಾವನ್ನೂ ಪೂರ್ತಿ ನೋಡಿರದ ತಾಯಿ ಒಂದು ಭಾನುವಾರ ಮಧ್ಯಾಹ್ನ ಟೀವಿಯ ಮುಂದೆ ಕೂತು ಘೋಷಿಸಿಬಿಟ್ಟಳು: “ಇವತ್ತು ಆಕಾಶ ಕಳಚಿ ಬಿದ್ರೂ ಈ ಥ್ರಿಲ್ಲರ್ ಮುಗಿಸದೆ ಏಳೋಳಲ್ಲ ನಾನು.”

ಆಕಾಶದ ಮಾತು ಹಾಗಿರಲಿ. ಮಗು ಸೀನಿದರೆ ಡಾಕ್ಟರಿಗೆ ಫೋನು, ಸೀನದಿದ್ದರೆ ಯಾಕೆ ಸೀನಲಿಲ್ಲವೆಂದು ಇನ್ನೊಂದು ಫೋನು ಮಾಡುವವಳು ಅವಳು. ಹಾಲಿನ ಬಾಟಲಿಯನ್ನು ಹತ್ತು ನಿಮಿಷ ಕುದಿಸುವಳು. ಅದನ್ನು ಎತ್ತುವ ಇಕ್ಕಳವನ್ನು ಇನ್ನೂ ಹತ್ತು ನಿಮಿಷ ಕುದಿಸುವಳು. ಹೀಗೆಲ್ಲ ಬೆಂದು, ಹೊಗಳುವುದರಲ್ಲಿ ಮಹಾ ಜಿಪುಣಿಯಾದ ಅತ್ತೆಯ ಬಾಯಿಂದ ಹೋದ ವಾರವಷ್ಟೇ ಒಂದು ಮಾತು ಗಿಟ್ಟಿಸಿದ್ದಳು: “ಜಾಗ್ರತೆ ಅಂದ್ರೆ ನಮ್ಮ ಸೊಸೇದು.” ಆ ಮಾತನ್ನು ಪದಕದ ಹಾಗೆ ಎದೆಗೆ ಚುಚ್ಚಿಕೊಂಡೇ ಮನೆಯೆಲ್ಲ ಓಡಾಡುತ್ತಿದ್ದಳು.

ಸಿನಿಮಾದ ಹೆಸರು ಯಾರೂ ಕೇಳಿದ್ದಲ್ಲ. ಆಫೀಸಿನ ಗೆಳತಿ ಲಿಂಕ್ ಕಳಿಸಿ, “ಇಡೀ ಜಗತ್ತಲ್ಲಿ ನೂರಾ ಹನ್ನೆರಡು ಜನ ನೋಡಿದಾರೆ. ನೀನು ನೂರಾ ಹದಿಮೂರನೆಯವಳಾಗು” ಎಂದಿದ್ದಳು. ಪರದೆಯ ಮೇಲೆ ಹೆಸರು ಮೂಡಿದ್ದೇ ತಡ, ಗಂಡನ ಮುಖ ಬಿಳಿಚಿಕೊಂಡಿತು.

“ಇದಾ? ಡಬ್ಬಾ ಸಿನಿಮಾ ಕಣೇ. ಬೇರೆ ಹಾಕ್ತೀನಿ ತಡಿ, ಹಾಡಿರೋದು.”

“ನೀವು ನೋಡಿದೀರಾ?”

“ಇಲ್ಲ. ಯಾರೋ ಹೇಳಿದ್ರು.”

“ನೂರಾ ಹನ್ನೆರಡು ಜನರಲ್ಲಿ ಯಾರು?”

ಗಂಡ ಸರಿದು ಒಂದು ತುದಿಯಲ್ಲಿ ಕೂತ. ಮಲಗಿದ ಮೊಮ್ಮಗನನ್ನು ತೊಡೆಯ ಮೇಲಿಟ್ಟುಕೊಂಡು ಅತ್ತೆಯೂ ಸೋಫಾದಲ್ಲಿ ನೆಲೆಯಾದರು.

ಇಡೀ ಸಿನಿಮಾ ಒಂದೇ ಮನೆಯಲ್ಲಿ, ಎರಡೇ ದೀಪದಲ್ಲಿ ನಡೆಯಿತು. ಪೊಲೀಸನೂ ಕೊಲೆಗಾರನೂ ಒಬ್ಬನೇ ನಟ. ಪೊಲೀಸನಿಗೆ ಮೀಸೆ ಉಂಟು, ಕೊಲೆಗಾರನಿಗಿಲ್ಲ. ಹಾಗಾಗಿ ಇಬ್ಬರೂ ಒಬ್ಬರನ್ನೊಬ್ಬರು ಹುಡುಕುತ್ತಲೇ ಇದ್ದರು. ಕಾರಿನ ಬೆನ್ನಟ್ಟುವಿಕೆ ಇತ್ತು, ಕಾರಿರಲಿಲ್ಲ. ಹೆಂಗಸೊಬ್ಬಳು ಬಾಲ್ಕನಿಯಲ್ಲಿ ನಿಂತು ಕತ್ತನ್ನು ಎಡದಿಂದ ಬಲಕ್ಕೆ ತಿರುಗಿಸಿದಳು, ಕೀಚ್ ಎಂಬ ಸದ್ದು ಬಂತು, ಬೆನ್ನಟ್ಟಿದ್ದಾಯಿತು. ಆಮೇಲೆ ಜಡಿಮಳೆ ಹೊಡೆಯಿತು, ಒಂದೇ ಒಂದು ಕಿಟಕಿಗೆ.

“ಎಂಥಾ ತಲೆ ನೋಡಿ ಈ ನಿರ್ದೇಶಕನದ್ದು,” ಎಂದು ಅವಳು ಕರಗಿಹೋದಳು. “ಇರೋದ್ರಲ್ಲೇ ಹೇಗೆ ಸಂಭಾಳಿಸಿದಾನೆ! ಆ ಕೊಳಕು ಮನೇನ ಎಲ್ಲಿ ಹುಡುಕಿದನೋ. ಮರ್ಯಾದಸ್ಥರು ಬಾಳೋ ಮನೆ ಅಲ್ಲ ಅಂತ ನೋಡಿದ್ರೇ ಗೊತ್ತಾಗತ್ತೆ.”

ಗಂಡ ನೀರು ಕುಡಿದ.

ತೆರೆಯ ಮೇಲೆ ಕೊಲೆಗಾರ ಮೇಜಿನ ಮುಂದೆ ಕೂತು ಚಾಕು ಮಸೆಯತೊಡಗಿದ. ಅವಳು ಮುಂದಕ್ಕೆ ಬಾಗಿದಳು. “ಇದೇನು, ಕೊಲೆಗಾರ ಮೇಜಿನ ಮೂಲೆಗೆಲ್ಲ ಸ್ಪಂಜು ಕಟ್ಟಿದಾನೆ?”

“ಕೊಲೆಗಾರಂಗೂ ಮಕ್ಕಳು ಮರಿ ಇರತ್ತಮ್ಮ,” ಎಂದರು ಅತ್ತೆ.

ಅವಳು ತೆರೆಯನ್ನು ನೋಡಿದಳು. ತನ್ನ ಮುಂದಿದ್ದ ಮೇಜನ್ನು ನೋಡಿದಳು. ನಾಲ್ಕು ಮೂಲೆ, ನಾಲ್ಕು ಸ್ಪಂಜು, ಸುತ್ತ ಕೆಂಪು ಟೇಪು. ಮಗು ಹುಟ್ಟುವುದಕ್ಕೆ ಐದು ತಿಂಗಳ ಮೊದಲೇ, ಮುಂದೆಂದೋ ಅದು ನಡೆಯುವಾಗ ತಲೆಗೆ ತಾಗೀತೆಂದು, ಅವಳೇ ಕೈಯಾರೆ ಕಟ್ಟಿದ್ದು.

“ರೀ.”

ಒಂದೇ ಅಕ್ಷರ. ಗಂಡ ಎಲ್ಲವನ್ನೂ ಕಕ್ಕಿದ. ನಿರ್ದೇಶಕ ಬೇರೆ ಯಾರೂ ಅಲ್ಲ, ಜೆರಾಕ್ಸ್ ಅಂಗಡಿ ಇಟ್ಟುಕೊಂಡಿರುವ ಅವನ ಬಾಲ್ಯದ ಗೆಳೆಯ. ಅವಳು ಹೆರಿಗೆಗೆ ಅಮ್ಮನ ಮನೆಗೆ ಹೋಗಿದ್ದಾಗ, ಅತ್ತೆ ಮಗಳ ಮನೆಯಲ್ಲಿದ್ದಾಗ, ಇಲ್ಲಿ ಹದಿನೆಂಟು ದಿನ ಚಿತ್ರೀಕರಣ ನಡೆದಿತ್ತು.

“ಅಂದ್ರೆ ಆಗ ತೋರಿಸಿದ್ರಲ್ಲ, ಮುಖಕ್ಕೆಲ್ಲ ರಕ್ತ ಮೆತ್ತಿಕೊಂಡಿದ್ದ ಹೆಣ, ಅದು ಬಿದ್ದಿದ್ದು ನನ್ನ ಹಾಸಿಗೆ ಮೇಲಾ? ಅಲ್ಲಿ ನನ್ನ ಮಗು ಮಲಗತ್ತೆ ಕಣ್ರೀ. ಯಾರದ್ದದು ಹೆಣ?”

“ನಂದೇ.”

ಮುಂದಿನ ಹತ್ತು ನಿಮಿಷದಲ್ಲಿ ಹಾಸಿಗೆ ಬಾಲ್ಕನಿಯ ಬಿಸಿಲಿಗೆ ಬಿತ್ತು. ಕೊಲೆಗಾರ ಮಸೆದ ಅಡುಗೆಮನೆಯ ಚಾಕು ಇಕ್ಕಳದ ಜೊತೆ ಕುದಿಯತೊಡಗಿತು. ಒಂಬತ್ತು ತಿಂಗಳ ಹಿಂದೆ ರಕ್ತ ಹರಿದಿದ್ದ ನೆಲವನ್ನು ಹೆಣ ಸ್ವತಃ ಮಂಡಿಯೂರಿ ಒರೆಸುತ್ತಿತ್ತು. ಸಿನಿಮಾ ನಿಲ್ಲಿಸಿ ಅವಳು ನ್ಯಾಯ ಕೇಳಲು ಅತ್ತೆಯ ಮುಂದೆ ನಿಂತಳು.

“ನೀವೇ ಹೇಳಿ ಅತ್ತೆ. ಗಂಡ ಹೆಂಡ್ತಿ ಮಧ್ಯೆ ಗುಟ್ಟು ಇರಬಹುದಾ? ನಾನು ಈ ಮನೇಲಿ ಯಾರಿಂದಾದ್ರೂ ಒಂದು ಸೂಜಿಮೊನೆಯಷ್ಟು ಮುಚ್ಚಿಟ್ಟಿದೀನಾ?”

“ತಪ್ಪು ಇವನದ್ದೇ,” ಎಂದು ತೀರ್ಪು ಬಂತು. “ಏನೋ, ನಿಂಗೆ ನಾಚಿಕೆ ಆಗಲ್ವಾ?”

“ಇನ್ನೂ ಏನೇನು ಹಾಳು ಮಾಡಿದಾರೋ, ಪೂರ್ತಿ ನೋಡ್ತೀನಿ,” ಎಂದು ಸೊಸೆ ಮತ್ತೆ ಸಿನಿಮಾ ಹಾಕಿದಳು.

ಒರೆಸುವ ಬಟ್ಟೆ ಬಿಸುಟು ಗಂಡ ಓಡಿಬಂದ. “ಬೇಡ ಕಣೇ. ನಿನ್ನ ಒಳ್ಳೇದಕ್ಕೇ ಹೇಳ್ತಿದೀನಿ. ಪೊಲೀಸೇ ಕೊಲೆಗಾರ. ಮುಗೀತಲ್ಲ, ಆಫ್ ಮಾಡು.”

“ಕೊನೇನೂ ಹೇಳಿಬಿಟ್ರಾ?” ಈ ಎರಡನೆಯ ಅಪರಾಧ ಅವಳಿಗೆ ಮೊದಲನೆಯದಕ್ಕಿಂತ ಘೋರವಾಗಿ ಕಂಡಿತು. ರಿಮೋಟನ್ನು ಕೆಳಗಿಟ್ಟು ಅದರ ಮೇಲೇ ಕೂತಳು.

ಪೊಲೀಸ್ ಮೀಸೆ ಕಿತ್ತೆಸೆದ. ಸಿನಿಮಾ ಮುಗಿಯಿತು. ನಿರ್ದೇಶಕ ಬಡವನಾದರೂ ಋಣ ಮರೆಯುವವನಲ್ಲ. ಯಾರ್ಯಾರಿಂದ ಏನೇನು ಪಡೆದನೋ ಎಲ್ಲವನ್ನೂ ಕೊನೆಯ ಕೃತಜ್ಞತೆಯ ಪಟ್ಟಿಯಲ್ಲಿ ಹಾಕಿಸಿದ್ದ. ಅತ್ತೆ ಕನ್ನಡಕ ಏರಿಸಿ ಒಂದೊಂದೇ ಸಾಲನ್ನು ಗಟ್ಟಿಯಾಗಿ ಓದತೊಡಗಿದರು.

“ಮನೆ, ಮೇಜು, ಹಾಸಿಗೆ, ಹೆಣ: ಗೆಳೆಯನ ಕೊಡುಗೆ.”

“ನೋಡಿದ್ರಾ, ಸಾಕ್ಷಿ,” ಎಂದಳು ಸೊಸೆ.

“ರಕ್ತ: ಗೆಳೆಯನ ಮಡದಿ ಬಸುರಿಯಾಗಿದ್ದಾಗ ಕುಡಿಯದೆ, ಹಳೇ ಸೂಟ್‌ಕೇಸಲ್ಲಿ ಬಚ್ಚಿಟ್ಟಿದ್ದ ಕಬ್ಬಿಣಾಂಶದ ಟಾನಿಕ್, ಆರು ಬಾಟಲಿ. ಅವರಿಗೆ ಚಿತ್ರತಂಡ ಚಿರಋಣಿ.”

ಒಳಗೆ ಚಾಕು ಕುದಿಯುತ್ತಲೇ ಇತ್ತು. ತಿಂಗಳು ತಿಂಗಳೂ ಅಂಗಡಿಗೆ ನಡೆದುಹೋಗಿ ಆ ಬಾಟಲಿಗಳನ್ನು ತಂದುಕೊಟ್ಟವರು ಅತ್ತೆ. “ಒಂದು ತೊಟ್ಟೂ ಬಿಡದೆ ಕುಡಿದೆ” ಎಂದು ಹೇಳಿ ಮುಂದಿನದನ್ನು ಈಸಿಕೊಂಡವಳು ಸೊಸೆ.

“ಅದರ ವಾಸನೆ ಅತ್ತೆ...” ಎಂದು ಶುರುಮಾಡಿದಳು ಸೊಸೆ. ಒಂಬತ್ತು ತಿಂಗಳು ಆ ಗುಟ್ಟನ್ನು ಹೊತ್ತಿದ್ದ ಗಂಡ ತಲೆಯೆತ್ತದೆ, ಒರೆಸಿದ ಜಾಗವನ್ನೇ ಮತ್ತೆ ಒರೆಸುತ್ತಿದ್ದ.

ಅತ್ತೆ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡರು. ಸೊಸೆಯ ಕಡೆ ತಿರುಗಲಿಲ್ಲ. ಮಗನನ್ನೇ ಅಡಿಯಿಂದ ಮುಡಿಯವರೆಗೆ ನೋಡಿದರು.

“ಓಹೋ, ಟಾನಿಕ್ಕು! ನಾನೂ ಅಂದ್ಕೊಂಡೆ,” ಎಂದರು. “ಬದುಕಿರೋವಾಗ ಒಂದು ದಿನಾನೂ ಇರದ ಕಳೆ, ಸತ್ತಾಗ ಇವನ ಮುಖಕ್ಕೆ ಎಲ್ಲಿಂದ ಬಂತು ಅಂತ.”