ಎಪ್ಪತ್ತೆರಡರ ಮದುಮಗಳು

ನಮ್ಮ ಪಕ್ಕದ ಫ್ಲ್ಯಾಟಿನವರು ದೇವರ ಜೊತೆ ಜಗಳ ಆಡುತ್ತಾರೆ. ಪ್ರಾರ್ಥನೆ ಅಂದರೆ ಕಣ್ಣು ಮುಚ್ಚಿ ಕೈ ಮುಗಿಯುವುದು ಅಂದುಕೊಂಡಿರಾ? ಇವರದು ಸೊಂಟಕ್ಕೆ ಕೈಯಿಟ್ಟು ವಿಚಾರಣೆ! ಲಂಡನ್ನಿನ ಎಜ್‌ವೇರಿನಲ್ಲಿರುವ ನಮ್ಮ ಕಟ್ಟಡದ ಗೋಡೆ ತೆಳು. ಹಾಗಾಗಿ ಇವರ ಮಂಡಿನೋವಿನ ಬಗ್ಗೆ ದೇವರಿಗೆ ಎಷ್ಟು ಗೊತ್ತೋ ನನಗೂ ಅಷ್ಟು ಗೊತ್ತು.

ಜಮೈಕಾದಿಂದ ಹುಡುಗಿಯಾಗಿದ್ದಾಗಲೇ ಬಂದು, ಲಂಡನ್ನಿನಲ್ಲಿ ಬಸ್ ಓಡಿಸಿ ನಿವೃತ್ತರಾದವರು. ವಯಸ್ಸು ಎಪ್ಪತ್ತೆರಡು. ಭಾನುವಾರ ಚರ್ಚಿಗೆ ಹೊರಟರೆ ಲಿಫ್ಟಿನೊಳಗೆ ಮೊದಲು ಅವರ ಹ್ಯಾಟು, ಆಮೇಲೆ ಅವರು. ನಾವೆಲ್ಲ ಮೆಟ್ಟಿಲು ಇಳಿಯಬೇಕು!

ಚರ್ಚು ಮುಗಿದ ಮೇಲೆ ಅವರ ಅಡುಗೆಮನೆಯಲ್ಲಿ ಇನ್ನೊಂದು ಚರ್ಚು. ಅದೇ ವಯಸ್ಸಿನ ನಾಲ್ಕೈದು ಕಪ್ಪುವರ್ಣೀಯ ಹೆಂಗಸರು, ಪಾತ್ರೆ ತುಂಬ ತೆಂಗಿನಹಾಲಿನ ಅನ್ನ. ಕುಂದಾಪುರದವಳು ನಾನು, ಆ ಪರಿಮಳ ಬಂದ ಮೇಲೆ ಸುಮ್ಮನಿರುವುದು ಹೇಗೆ? ಅಡುಗೆ ಕಲಿಯಲು ಹೋದೆ. ಕಲಿತದ್ದು ಬೇರೆಯೇ! ಮುಟ್ಟು ನಿಂತ ಮೇಲೂ ದೇಹ ಏನು ಕೇಳುತ್ತದೆ, ಕೇಳಿದಾಗ ಏನು ಮಾಡಬೇಕು, ಎಲ್ಲವನ್ನೂ ಅವರು ಉಪ್ಪು ಖಾರದಷ್ಟೇ ಸಲೀಸಾಗಿ ಮಾತಾಡುತ್ತಿದ್ದರು. ದೇವರು ಕೊಟ್ಟ ದೇಹ, ಪೆನ್ಷನ್ ಬಂತೆಂದು ಅವನೇನೂ ವಾಪಸ್ ಕೇಳಿಲ್ಲವಲ್ಲ ಎಂಬುದು ನಮ್ಮ ಪಕ್ಕದ ಮನೆಯವರ ವಾದ. ನಡುವೆ ಕೈ ಕೈ ಹಿಡಿದು ಒಂದು ಪ್ರಾರ್ಥನೆ, ಮತ್ತೆ ಬಿಟ್ಟಲ್ಲಿಂದಲೇ ಮಾತು. ನಾನು ತಲೆ ಎತ್ತದೆ ಈರುಳ್ಳಿ ಹೆಚ್ಚುತ್ತಿದ್ದೆ.

ಒಂದು ಭಾನುವಾರ ಪಕ್ಕದ ಮನೆಯವರು, ಚರ್ಚಿನಲ್ಲಿ ಡ್ರಮ್ ಬಾರಿಸುವ ವಿಧುರರೊಬ್ಬರನ್ನು ಮದುವೆಯಾಗುತ್ತೇನೆ ಅಂದುಬಿಟ್ಟರು. ಒಳ್ಳೆಯದಾಯಿತು, ಹೊತ್ತಿಗೆ ಸರಿಯಾಗಿ ಮಾತ್ರೆ ನೆನಪಿಸಲು ಒಬ್ಬರು ಬೇಕಲ್ಲ ಅಂದೆ.

"ಮಾತ್ರೆ ನೆನಪಿಸಲು ಫೋನಿದೆ ಸಿಸ್ಟರ್. ಇವರು ಬೇರೆ ಕೆಲಸಕ್ಕೆ."

ಇಡೀ ಅಡುಗೆಮನೆ ಬಿದ್ದು ಬಿದ್ದು ನಕ್ಕಿತು. ನಗು ನಿಲ್ಲುವ ಮೊದಲೇ, ಮದುವೆಯಲ್ಲಿ ಹೂಗುಚ್ಛ ಹಿಡಿದು ನನ್ನ ಪಕ್ಕ ನಿಲ್ಲಬೇಕಾದವಳು ನೀನು ಅಂದರು. ಗಂಡ ತೀರಿಕೊಂಡ ಮೇಲೆ ನಾನು ಯಾವ ಮದುವೆಯಲ್ಲೂ ಮುಂದೆ ನಿಂತವಳಲ್ಲ. ಇಲ್ಲೇ ಹತ್ತಿರದ ಪಿನ್ನರಿನಲ್ಲಿ ತಂಗಿಯ ಮಗಳ ಧಾರೆಯ ಹೊತ್ತಿಗೂ ಹಿಂದಿನ ಸಾಲಿಗೆ ಸರಿದಿದ್ದೆ. ಹೋಗು ಅಂತ ಯಾರೂ ಹೇಳಲಿಲ್ಲ, ಬಾ ಅಂತಲೂ ಕರೆಯಲಿಲ್ಲ. ಆ ಸಂಕಟ ಇನ್ನೂ ಹೋಗಿಲ್ಲ. ಗಂಡನಿಲ್ಲದವಳು ಶುಭಕಾರ್ಯದಲ್ಲಿ ಮುಂದೆ ಬಂದರೆ ನಿಮಗೆ ಒಳ್ಳೆಯದಾಗುವುದಿಲ್ಲ ಎಂದು ತಡವರಿಸಿದೆ.

ಅವರು ಸೌಟು ಕೆಳಗಿಟ್ಟರು.

"ನಾನೂ ಗಂಡನನ್ನು ಮಣ್ಣು ಮಾಡಿ ಬಂದವಳೇ. ಹಾಗಾದರೆ ನನ್ನ ಮದುವೆಗೆ ನಾನೂ ಹೋಗಬಾರದೇ?"

ಇದಕ್ಕೆ ಉತ್ತರ ನಮ್ಮ ಯಾವ ಪುರೋಹಿತರ ಹತ್ತಿರವಿದೆ, ಹೇಳಿ?

ಪೆಟ್ಟಿಗೆಯ ತಳದಲ್ಲಿದ್ದ ಹಸಿರು ರೇಷ್ಮೆ ಸೀರೆ ಉಟ್ಟು ಹೋದೆ. ಆದರೂ ಚರ್ಚಿನೊಳಗೆ ಕಾಲು ತಾನಾಗಿಯೇ ಹಿಂದಿನ ಬೆಂಚಿನತ್ತ ನಡೆಯಿತು. ಮದುಮಗಳು ಪಾದ್ರಿಗಳನ್ನು ಕಾಯಿಸಿ, ಆ ಮಂಡಿನೋವಿನಲ್ಲೇ ನನ್ನ ತನಕ ಬಂದರು. ಗುಚ್ಛದಿಂದ ಒಂದು ಗುಲಾಬಿ ಕಿತ್ತು, ಎಷ್ಟೋ ವರ್ಷ ಹೂ ಕಾಣದ ನನ್ನ ಜಡೆಗೆ ಮುಡಿಸಿದರು. ನನಗೆ ಅಳು ತಡೆಯಲಾಗಲಿಲ್ಲ.

"ಈಗ ಬಾ," ಅಂದರು.

ಅವರ ಕೈ ಹಿಡಿದು ಹೋಗಿ, ಎಲ್ಲರ ಮುಂದೆ ನಿಂತೆ.