ಘಟ್ಟ ಹತ್ತಿದ ಮೂರು ಹೊಟ್ಟೆಯ ದೋಣಿ

ಕೆಲವರ ಹಿಂದೆ ನಾಯಿ ಬರುತ್ತದೆ, ಕೆಲವರ ಹಿಂದೆ ಹುಡುಗಿಯ ಅಣ್ಣಂದಿರು ಬರುತ್ತಾರೆ, ನನ್ನ ಹಿಂದೆ ಪ್ರಸಂಗಗಳು ಬರುತ್ತವೆ. ನಾನು ಕರೆಯುವುದಿಲ್ಲ. ಅವೇ ಮನೆ ಹುಡುಕಿಕೊಂಡು ಬಂದು ಜಗಲಿಯ ಮೇಲೆ ಕೂರುತ್ತವೆ. ದೋಣಿ ಕೊಂಡ ಮೇಲಂತೂ ಅವಕ್ಕೆ ಕೂರಲು ಜಾಗವೇ ಸಾಲುತ್ತಿಲ್ಲ.

ಹೌದು, ದೋಣಿ. ಶಿರಸಿ, ಸಿದ್ದಾಪುರ, ಯಲ್ಲಾಪುರ, ಮೂರೂ ತಾಲೂಕು ಜಾಲಾಡಿದರೂ ಹಾಯಿದೋಣಿ ಇಟ್ಟುಕೊಂಡ ಗಂಡು ನಾನೊಬ್ಬನೇ. ಮನೆಯೆದುರೇ ಸಮುದ್ರ ಇರುವ ಕುಮಟೆಯವರು ಇಟ್ಟುಕೊಂಡಿಲ್ಲ ಎಂದರೆ ಅದು ಅವರ ಹಣೆಬರಹ. ಇದರ ಹೆಸರು ಟ್ರೈಮರಾನ್. ನಡುವೆ ಒಂದು ದೊಡ್ಡ ಒಡಲು, ಆಚೆ ಈಚೆ ಎರಡು ಸಣ್ಣ ಒಡಲು, ಅವುಗಳ ನಡುವೆ ಕೂರಲು ಬಿಗಿದು ಕಟ್ಟಿದ ಬಲೆ. ಬೇಡದಾಗ ಕೊಕ್ಕರೆ ರೆಕ್ಕೆ ಮಡಚಿದ ಹಾಗೆ ಮಡಚಿ, ಟ್ರೇಲರ್ ಮೇಲೆ ಮಲಗಿಸಿ, ನನ್ನ ಪಿಕಪ್ಪಿನ ಹಿಂದೆ ಕಟ್ಟಿ ಎಲ್ಲಿಗೆ ಬೇಕಾದರೂ ಒಯ್ಯಬಹುದು. ಓಡಿಸುವುದನ್ನು ಯಾರೂ ಕಲಿಸಲಿಲ್ಲ. ಫೋನಿನಲ್ಲಿ ವಿಡಿಯೋ ನೋಡಿ ನಾನೇ ಕಲಿತೆ. ಬುದ್ಧಿ ಇದ್ದವನಿಗೆ ಅಷ್ಟು ಸಾಕು.

ಅಪ್ಪಯ್ಯನಿಗೆ ಮಾತ್ರ ಸಾಕಾಗಲಿಲ್ಲ. ದೋಣಿ ಅಂಗಳಕ್ಕೆ ಬಂದ ದಿನವೇ ತೀರ್ಪು ಕೊಟ್ಟ: "ತಂಗಿ ಮದುವೆ ಒಳಗೆ ಇದು ಮನೆಗೆ ಒಂದಾದ್ರೂ ಉಪಕಾರ ಮಾಡವು. ಇಲ್ಲೆ ಅಂದ್ರೆ ಟ್ರೇಲರ್ ತೋಟಕ್ಕೆ ಒಣಗಿದ ಎಲೆ, ದರಕು ಹೊರಲೆ, ದೋಣಿ ನಿನ್ನ ಆಯಿಗೆ."

ಆಯಿಗೆ, ಅಂದರೆ ಅಮ್ಮನಿಗೆ, ದೋಣಿ ಯಾಕೆ ಎಂದು ಆಗ ನನಗೆ ಹೊಳೆಯಲಿಲ್ಲ.

ಟುವಾಲಿನ ಅಡಿಯ ವ್ಯಾಪಾರ

ಮಾರುವವರು ಕಾರವಾರದ ಬದಿಯ ಒಬ್ಬ ನಿವೃತ್ತ ಹಡಗಿನ ಅಧಿಕಾರಿ. ಬಿಳಿ ಮೀಸೆ, ಇಸ್ತ್ರಿ ಮಾಡಿದ ಚಡ್ಡಿ. ವ್ಯಾಪಾರಕ್ಕೆಂದು ನಾನು ಮಾವನನ್ನು ಕರೆದುಕೊಂಡು ಹೋಗಿದ್ದೆ. ಆಯಿಯ ಅಣ್ಣನಾದ ಈ ಮಾವ ಎತ್ತಿನ ವ್ಯಾಪಾರದಲ್ಲಿ ಹಣ್ಣಾದವನು. ದೋಣಿಯನ್ನೂ ಹಾಗೇ ನೋಡಿದ. ಸುತ್ತ ಒಂದು ಪ್ರದಕ್ಷಿಣೆ ಬಂದ. ಮೂರೂ ಒಡಲಿಗೆ ಬೆರಳಿನಿಂದ ಕುಟ್ಟಿ ಕಿವಿ ಇಟ್ಟ. ಹಿಂದಕ್ಕೆ ಹೋಗಿ ಚುಕ್ಕಾಣಿಯನ್ನು ಬಾಲ ಎತ್ತಿದ ಹಾಗೆ ಎತ್ತಿ ನೋಡಿದ.

"ಹಾಯುತ್ತದೆಯೋ?" ಎಂದು, ಎತ್ತಿನ ಕೊಂಬಿನ ವಿಷಯ ಕೇಳುವ ಹಾಗೆ ಕೇಳಿದ.

"ಚೆನ್ನಾಗಿ ಹಾಯುತ್ತದೆ," ಎಂದರು ಅಧಿಕಾರಿ, ಹೆಮ್ಮೆಯಿಂದ.

ಮಾವ ನನ್ನ ಕಿವಿಯಲ್ಲಿ, "ನೋಡು, ಹಾಯ್ತು ಹೇಳಿ ಅವ್ನೇ ಒಪ್ಕಂಡ. ಕ್ರಯ ಇಳಸ್ಲಕ್ಕು," ಎಂದ.

ಆಮೇಲೆ ಹೆಗಲ ಮೇಲಿನ ಟುವಾಲು ತೆಗೆದು ಅಧಿಕಾರಿಯ ಕೈ ಮೇಲೆ ಹಾಕಿ, ಅದರಡಿಯಲ್ಲಿ ಅವರ ಬೆರಳು ಹಿಡಿದು ಒತ್ತತೊಡಗಿದ. ಜಾನುವಾರು ಸಂತೆಯಲ್ಲಿ ಕ್ರಯ ಆಡುವುದು ಹಾಗೆಯೇ, ಬೆರಳಿನಲ್ಲೇ ಲೆಕ್ಕ, ಸುತ್ತ ನಿಂತವರಿಗೆ ತಿಳಿಯಬಾರದು. ಅಲ್ಲಿ ಸುತ್ತ ನಿಂತದ್ದು ನಾನೊಬ್ಬನೇ. ಅಧಿಕಾರಿ ಟುವಾಲನ್ನೊಮ್ಮೆ, ಮಾವನನ್ನೊಮ್ಮೆ ನೋಡಿದರು. ಮಾವ ಎರಡು ಬೆರಳು ಬಿಟ್ಟು ಮೂರು ಹಿಡಿದ. ಅವರು ನಿಧಾನವಾಗಿ ಹೇಳಿದರು:

"ನಾಡಿ ನೋಡಿದ್ದು ಸಾಕು ವೈದ್ಯರೇ. ಸಕ್ಕರೆ ಕಾಯಿಲೆ ಇದೆ, ನನಗೂ ಗೊತ್ತು. ದೋಣಿ ತಗೊಳ್ತೀರೋ ಇಲ್ವೋ, ಅದನ್ನು ಹೇಳಿ."

ಕಂಬದ ಜಾತಿ

ಕೊಂಡ ದೋಣಿಯನ್ನು ಘಟ್ಟ ಹತ್ತಿಸುವುದೆಂದರೆ ಹುಡುಗಾಟವಲ್ಲ. ಪಿಕಪ್ಪು ನಾನು ಓಡಿಸುತ್ತಿದ್ದೆನಾದ್ದರಿಂದ ಹತ್ತಿತು, ಬೇರೆಯವರಾಗಿದ್ದರೆ ಇವತ್ತಿಗೂ ತಿರುವಿನಲ್ಲೇ ಇರುತ್ತಿದ್ದರು. ಹಿಂದೆ ಬಿದ್ದ ಬಸ್ಸಿನವರು ಹಾರ್ನ್ ಹೊಡೆದೂ ಹೊಡೆದೂ ಕೊನೆಗೆ ಮುಂದೆ ಹೋಗುವ ಆಸೆ ಬಿಟ್ಟು, ಕಿಟಕಿಯಿಂದ ಫೋಟೋ ತೆಗೆಯತೊಡಗಿದರು.

ಘಟ್ಟದ ಮೇಲಿನ ನಿಲ್ಕುಂದ ಇನ್ನೇನು ಬಂತು ಎನ್ನುವಾಗ ಅರಣ್ಯದವರ ತಪಾಸಣೆ. ಗಾರ್ಡು ದೋಣಿಯನ್ನು ನೋಡಲೇ ಇಲ್ಲ. ಅದರ ಮೇಲೆ ಉದ್ದಕ್ಕೆ ಮಲಗಿದ್ದ ಹಾಯಿಕಂಬವನ್ನು ನೋಡಿದ.

"ಗಾಡಿ ಬದಿಗೆ ಹಾಕಿ. ಇಷ್ಟು ಉದ್ದದ ನಾಟ ಎಲ್ಲಿಂದ? ಪಾಸ್ ಎಲ್ಲಿದೆ?"

"ನಾಟ ಅಲ್ಲ ಸರ್, ದೋಣಿ ಕಂಬ."

"ಯಾವ ಜಾತಿ? ಸಾಗುವಾನಿಯೋ, ಮತ್ತಿಯೋ?"

"ಅಲ್ಯೂಮಿನಿಯಂ, ಸರ್."

ಅವನು ಪುಸ್ತಕ ತೆಗೆದು, ಪೆನ್ನಿನ ಮುಚ್ಚಳ ಕಚ್ಚಿಕೊಂಡು, ಬಹಳ ಹೊತ್ತು ಯೋಚಿಸಿದ. ಕಂಬಕ್ಕೆ ಕುಟ್ಟಿದ. ಟಣ್ ಎಂದಿತು. ಕೊನೆಗೆ ಗಂಭೀರವಾಗಿ ಹೇಳಿದ:

"ಅದು ನಮ್ಮ ರೇಂಜಿನಲ್ಲಿ ಬೆಳೆಯೋದಿಲ್ಲ. ಹೋಗಿ."

ಒಂದು ಕಡ್ಡಿ

ನೀರಿಗೆ ಇಳಿಸುವ ಮೊದಲು ಒಮ್ಮೆ ಅಂಗಳದಲ್ಲೇ ಎಲ್ಲ ಬಿಡಿಸಿ ನೋಡಬೇಕು ಎಂದು ವಿಡಿಯೋದವನು ಹೇಳಿದ್ದ. ರೆಕ್ಕೆ ಬಿಡಿಸಿದೆ, ಕಂಬ ನಿಲ್ಲಿಸಿದೆ. ನಮ್ಮ ಹಂಚಿನ ಮಾಡಿಗಿಂತ ಎತ್ತರಕ್ಕೆ ಹೋಗಿ ಬೆಳ್ಳಗೆ ಹೊಳೆಯಿತು. ಚಹಾ ಕುಡಿದು ಬರುವಷ್ಟರಲ್ಲಿ ಅಂಗಳದ ತುಂಬ ಜನ, ಎಲ್ಲರ ಕೈಯಲ್ಲೂ ಫೋನು.

"ಅಂತೂ ನಮ್ಮೂರಿಗೂ ಟವರು ಬಂತು ಮಾರಾಯಾ!" ಎಂದು ನೆರೆಮನೆಯವರು ನನ್ನ ಬೆನ್ನು ತಟ್ಟಿದರು. ಅವರು ಮಗಳಿಗೆ ಫೋನು ಮಾಡಬೇಕೆಂದರೆ ಗುಡ್ಡದ ತಲೆಯವರೆಗೆ ಹತ್ತಬೇಕು. "ಟವರಲ್ಲ, ದೋಣಿ ಕಂಬ" ಎಂದರೆ ಕೇಳುವವರು ಯಾರು? ಅವರು ಫೋನನ್ನು ಕಂಬಕ್ಕೆ ತಾಗಿಸಿ ಹಿಡಿದು ಕೂಗಿದರು: "ಬಂತು! ಒಂದು ಕಡ್ಡಿ ಬಂತು!"

ಬಂದದ್ದು ನಿಜ. ಯಾಕೆ ಬಂತೋ ಆ ಕಂಬಕ್ಕೇ ಗೊತ್ತು.

ಈ ಗಲಾಟೆಯಲ್ಲಿ ಆಯಿ ಕಂಬವನ್ನು ನೋಡಲಿಲ್ಲ. ಒಡಲುಗಳ ನಡುವಿನ ಬಲೆಯನ್ನು ಕೈಯಲ್ಲಿ ಒತ್ತಿ ಒತ್ತಿ ನೋಡಿದಳು. ಮರುದಿನ ಬೆಳಿಗ್ಗೆ ಎದ್ದರೆ ಬಲೆಯ ಉದ್ದಗಲಕ್ಕೂ ಹಲಸಿನ ಹಪ್ಪಳ! "ಮೇಲಿಂದ ಬಿಸಿಲು, ಕೆಳಗಿಂದ ಗಾಳಿ. ಚಾಪೆ ಮೇಲೆ ಮೂರು ದಿನ ಬೇಕು, ಇಲ್ಲಿ ಒಂದೇ ದಿನಕ್ಕೆ ಗರಿ ಗರಿ," ಎಂದಳು ಆಯಿ, ಕಣ್ಣಲ್ಲಿ ಹೊಳಪು. "ಪಾಪ, ಎಷ್ಟು ಬುದ್ಧಿವಂತರಪ್ಪ ಇದನ್ನ ಮಾಡಿದವ್ವು. ಅದ್ರ ಆಚೆ ಈಚೆ ಈ ದೋಣಿ ಎಂತಕ್ಕೆ ಕಟ್ಟಿದ್ವೋ, ಅದೊಂದು ಗೊತ್ತಾಜಿಲ್ಲೆ."

ಕಾಯಿ

ಹೊಸ ಗಾಡಿಗೆ ಪೂಜೆ ಮಾಡದೆ ರಸ್ತೆಗೆ ಇಳಿಸುವ ಪದ್ಧತಿ ನಮ್ಮಲ್ಲಿಲ್ಲ. ಹಳೆಯದಾದರೂ ನಮಗೆ ಅದು ಹೊಸದೇ. ಶರಾವತಿ ಹಿನ್ನೀರಿನ ದಂಡೆಗೆ ಒಯ್ದು ಟ್ರೇಲರ್ ಚಕ್ರಕ್ಕೆ ಲಿಂಬೆಹಣ್ಣು ಇಟ್ಟೆವು, ಕಂಬಕ್ಕೆ ಹಾರ ಹಾಕಿದೆವು, ಹಾಯಿಗೆ ಕುಂಕುಮ ಹಚ್ಚಿದೆವು. ಕಾಯಿ ಒಡೆಯುವ ಹಕ್ಕು ಮಾವನದು. "ಕಲ್ಲಿನ ಮೇಲೆ ಒಡಿ," ಎಂದೆ. "ಗಾಡಿ ಪೂಜೆ ಮಾಡಿ ಕಾಯಿ ಕಲ್ಲಿಗೆ ಒಡೆಯದನಾ? ಕಲ್ಲನ್ನ ಓಡಿಸ್ತ್ಯ ನೀನು?" ಎಂದವನೇ ಬಲಗಡೆಯ ಒಡಲಿನ ಮೂತಿಗೆ ಎತ್ತಿ ಹೊಡೆದ.

ಢಬ್ ಎಂದಿತು. ಕಾಯಿ ಹಾಗೇ ಇತ್ತು. ದೋಣಿಗೆ ಮುಷ್ಟಿ ಹೋಗುವಷ್ಟು ತೂತು ಬಿದ್ದಿತ್ತು.

ಅಪ್ಪಯ್ಯ ತೂತಿನಲ್ಲಿ ಇಣುಕಿದ. ನಾನು ಮಾವನನ್ನು ನೋಡಿದೆ. ಮಾವ ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ನೀರು ಇದೆಯೆಂದು ಖಾತ್ರಿ ಮಾಡಿಕೊಂಡು, ಚೀಲಕ್ಕೆ ಹಾಕಿಕೊಂಡ.

"ಹೆದರಡ. ಅದಕ್ಕೇ ಮೂರು ಕೊಟ್ಟಿದ್ದ ಅವ್ವು. ಒಂದು ಕಾಯಿ ಒಡೆಯಲೆ, ಎರಡು ತೇಲಲೆ."

ದೊಡ್ಡತ್ತೆಯನ್ನು ಕರೆದದ್ದು

ತೂತಿಗೆ ಫೈಬರ್ ತೇಪೆ ಹಾಕಿಸುವಷ್ಟರಲ್ಲಿ ತಂಗಿಯ ಮದುವೆ ಹತ್ತಿರ ಬಂತು, ನನ್ನ ಗಡುವೂ ಬಂತು. ಹಿನ್ನೀರಿನ ಆಚೆ ದಡದಲ್ಲಿ ಅಪ್ಪಯ್ಯನ ಅಕ್ಕ, ನಮ್ಮ ದೊಡ್ಡತ್ತೆಯ ಮನೆ. ದೊಡ್ಡತ್ತೆಗೆ ಸಿಟ್ಟು ಮೂಗಿನ ತುದಿಯಲ್ಲಿ. ಒಮ್ಮೆ ಯಾರದೋ ಉಪನಯನಕ್ಕೆ ಫೋನಿನಲ್ಲಿ ಕರೆದರೆಂದು ಆ ಮನೆಯವರ ಜೊತೆ ಇವತ್ತಿಗೂ ಮಾತಿಲ್ಲ. ಮನೆ ಒಳಗೆ ಬಂದು, ಕೂತು, ಆಸ್ರಿಗೆಯೆಂದು ಪಾನಕವೋ ಮಜ್ಜಿಗೆಯೋ ಕುಡಿದು, ಕುಂಕುಮ ಅಕ್ಷತೆ ಕೊಟ್ಟು, ಒಬ್ಬೊಬ್ಬರನ್ನೂ ಹೆಸರು ಹಿಡಿದು ಕರೆಯಬೇಕು. ರಸ್ತೆಯಲ್ಲಾದರೆ ಸುತ್ತಿ ಬಳಸಿ ಇಡೀ ದಿನದ ದಾರಿ.

"ದೋಣಿ ಮೇಲೆ ಹೋಪ," ಎಂದ ಅಪ್ಪಯ್ಯ. "ಅಕ್ಕ ಮದುವೆಗೆ ಬಂದ್ರೆ ದೋಣಿ ನಿಂದು. ಮುನಿಸ್ಕಂಡು ಮನೆಯಲ್ಲೇ ಕೂತ್ರೆ, ಹಪ್ಪಳಕ್ಕೆ."

ಹೊರಟೆವು. ನಾನು ಚುಕ್ಕಾಣಿಗೆ, ಮಾವ ಹಗ್ಗಕ್ಕೆ, ಅಪ್ಪಯ್ಯ ಬಲೆಯ ಮೇಲೆ ಕಾಲು ಮಡಚಿ, ತೊಡೆಯ ಮೇಲೆ ಕುಂಕುಮದ ಭರಣಿ ಇಟ್ಟುಕೊಂಡು. ಗಾಳಿ ಹಾಯಿಗೆ ಹೊಕ್ಕಿದ್ದೇ ತಡ, ದೋಣಿ ಎದ್ದು ಓಡಿತು. ಎಂಥ ಓಟ! ನೀರು ಸೀಳುವ ಸದ್ದು ಎದೆಯೊಳಗೇ ಕೇಳುತ್ತಿತ್ತು. ಓಡಿಸುವುದು ನನಗೆ ಕರತಲಾಮಲಕ. ನಿಲ್ಲಿಸುವ ವಿಡಿಯೋ ಮಾತ್ರ ನೋಡಿರಲಿಲ್ಲ. ನಮ್ಮ ಮನೆತನದಲ್ಲಿ ಶುರು ಮಾಡಿದ್ದನ್ನು ನಿಲ್ಲಿಸುವ ಪದ್ಧತಿ ಇಲ್ಲ.

ನಾವು ಬರುವ ಸುದ್ದಿ ತಿಳಿದು ದೊಡ್ಡತ್ತೆ ದಡಕ್ಕೇ ಬಂದು, ಕಾಲು ತೊಳೆಯುವ ನೀರಿನ ತಂಬಿಗೆ ಹಿಡಿದು ನಿಂತಿದ್ದಳು. ಬಂದಳು, ಬಂದಳು, ಹತ್ತಿರ ಬಂದಳು, ಹಿಂದಕ್ಕೆ ಹೋದಳು.

"ನಿಲ್ಸಾ!" ಎಂದ ಅಪ್ಪಯ್ಯ.

"ನಿಲ್ತಿಲ್ಲೆ!" ಎಂದೆ.

ಅಪ್ಪಯ್ಯ ಕಂಬ ಹಿಡಿದು ಎದ್ದು ನಿಂತು ಕೂಗಿದ: "ಅಕ್ಕಾ! ಬಪ್ಪ ಸೋಮವಾರ ಮಗಳ ಮದುವೆ! ಎಲ್ಲರೂ ಬರವು!"

"ಒಳಗೆ ಬಂದು ಆಸ್ರಿಗೆ ಕುಡ್ಕಂಡು ಹೋಗ್ರೋ!" ಎಂಬ ಕೂಗು ಹಿಂದಿನಿಂದ ಬಂತು.

ದೊಡ್ಡ ಸುತ್ತು ಹಾಕಿ ತಿರುಗಿಸಿಕೊಂಡು ಬಂದೆ. ಈ ಸಲ ನಿಂತೇ ನಿಲ್ಲುತ್ತದೆ ಅಂದುಕೊಂಡಿದ್ದೆ. ಇನ್ನೂ ಜೋರಾಯಿತು. ಅಪ್ಪಯ್ಯ ಸಿಕ್ಕಷ್ಟು ಹೊತ್ತಿನಲ್ಲಿ ತನ್ನ ಭಾವ, ಇಬ್ಬರು ಗಂಡುಮಕ್ಕಳು, ಒಬ್ಬಳು ಸೊಸೆಯ ಹೆಸರು ಹೇಳಿ ಮುಗಿಸಿದ. ಇನ್ನೊಬ್ಬ ಸೊಸೆ ಬಾಕಿ ಉಳಿದಳು. "ತಿರುಗ್ಸಾ! ಅವಳನ್ನ ಬಿಟ್ರೆ ದೊಡ್ಡ ರಾಮಾಯಣ ಆಗ್ತು!" ಎಂದು ಮಾವ ಬೊಬ್ಬೆ ಹೊಡೆದ. ಮೂರನೇ ಸುತ್ತಿಗೆ ದಡದ ಉದ್ದಕ್ಕೂ ಜನ ನೆರೆದಿದ್ದರು. ಅಪ್ಪಯ್ಯ ಸೊಸೆಯನ್ನು ಕರೆದು, ಅಕ್ಷತೆ ಎಸೆದ. ಅಕ್ಷತೆ ಗಾಳಿಗೆ ತಿರುಗಿ ನಮ್ಮ ಮೂವರ ತಲೆಯ ಮೇಲೇ ಬಿತ್ತು. ಮದುವೆ ಕಾಗದ ಎಸೆದ. ಅದು ನೀರಿನಲ್ಲಿ ಮಲಗಿದ್ದ ಎಮ್ಮೆಯ ಮುಂದೆ ಬಿತ್ತು. ಎಮ್ಮೆ ನಿಧಾನವಾಗಿ ಅದನ್ನು ತಿಂದಿತು.

ಗಾಳಿ ನಮ್ಮನ್ನು ಸೀದಾ ಈಚೆ ದಡದ ಕೆಸರಿಗೆ ತಂದು ಹುಗಿಯಿತು. ಅಲ್ಲಿ ಚೆನ್ನಾಗಿಯೇ ನಿಂತಿತು.

"ಮುಗತ್ತು," ಎಂದ ಅಪ್ಪಯ್ಯ. "ಅಕ್ಕ ಬರ್ತಿಲ್ಲೆ."

ಮದುವೆಯ ದಿನ ಮುಹೂರ್ತಕ್ಕೆ ಇನ್ನೇನು ಸ್ವಲ್ಪ ಹೊತ್ತು ಇತ್ತು. ದೊಡ್ಡತ್ತೆಯ ಸುದ್ದಿಯಿಲ್ಲ. ಅಪ್ಪಯ್ಯ ಮಂತ್ರಕ್ಕೆ ಕೂತಲ್ಲಿಂದಲೇ ಗೇಟಿನ ಕಡೆ ನೋಡುತ್ತಿದ್ದ. ಆಯಿ ಅಂಗಳದ ಮೂಲೆಯ ದೋಣಿಯ ಕಡೆ ನೋಡುತ್ತಿದ್ದಳು. ನನಗಂತೂ ಬಲೆಯ ಮೇಲೆ ಆಗಲೇ ಹಪ್ಪಳ ಕಾಣತೊಡಗಿತ್ತು.

ಅಷ್ಟರಲ್ಲಿ ಒಂದು ಟೆಂಪೋ ಬಂತು. ಮೊದಲು ಇಳಿದವಳು ದೊಡ್ಡತ್ತೆ! ನಾನು ಶಿಳ್ಳೆ ಹೊಡೆದದ್ದಕ್ಕೆ ಭಟ್ಟರು ಮಂತ್ರ ತಪ್ಪಿದರು. ಅವಳ ಹಿಂದೆ ಗಂಡ, ಮಕ್ಕಳು, ಇಬ್ಬರು ಸೊಸೆಯಂದಿರು. ಆಮೇಲೂ ಇಳಿಯುತ್ತಲೇ ಇದ್ದರು. ಹಿಂದೆ ಇನ್ನೊಂದು ಟೆಂಪೋ, ಅದರ ಹಿಂದೆ ಮತ್ತೊಂದು. ಆಚೆ ದಡದ ಒಂದು ಮನೆಯೂ ಬಾಕಿ ಉಳಿದಿರಲಿಲ್ಲ, ದಡದಲ್ಲಿ ನಿಂತು ಕೇಳಿಸಿಕೊಂಡವರೆಲ್ಲ ಬಂದಿದ್ದರು. ಅಡಿಗೆ ಭಟ್ಟರು ಪಾಯಸದ ಕೊಪ್ಪರಿಗೆಗೆ ಬಿಂದಿಗೆ ಬಿಂದಿಗೆ ನೀರು ಹೊಯ್ಯತೊಡಗಿದರು.

ಅಪ್ಪಯ್ಯ ಕೈ ಮುಗಿದುಕೊಂಡು ಓಡಿದ. "ಅಕ್ಕಾ, ಒಳಗೆ ಬಂದು ಕರೆಯಲೆ ಆಜಿಲ್ಲೆ, ತಪ್ಪು ತಿಳ್ಕಳಡ."

ದೊಡ್ಡತ್ತೆ ಸೆರಗಿನಲ್ಲಿ ಬೆವರು ಒರೆಸಿಕೊಂಡಳು.

"ಒಂದೇ ಸಲ ಕರೆದಿದ್ರೆ ಮುನಿಸ್ಕಂಡು ಮನೆಯಲ್ಲೇ ಕೂರ್ತಿದ್ದೆ, ತಮಾ. ನೀ ಮೂರು ಸಲ ಬಂದೆ. ಒಂದೊಂದು ಸಲಕ್ಕೂ ಮೊದಲಿಗಿಂತ ಜೋರಾಗಿ ಬಂದೆ. ಒಪ್ಕಳ್ದೇ ಇದ್ರೆ ನಾಲ್ಕನೇ ಸಲಕ್ಕೆ ದೋಣಿ ಸಮೇತ ಅಡಿಗೆಮನೆಗೇ ನುಗ್ತ್ಯೇನೋ ಹೇಳಿ, ಹೆದರಿ ಊರನ್ನೇ ಕಟ್ಕಂಡು ಬಂದೆ."